ಉಬುಂಟು ಅಪ್‌ಗ್ರೇಡ್ ಮತ್ತು ನನ್ನ ಕಗಪ ಕೀಲಿಮಣೆ

ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿರುವ ಕಗಪ ಎಂಬ ಕನ್ನಡ ಕೀಲಿಮಣೆ ಲೇಔಟ್‌ಗೆ ನಾನೇ ಒಂದು ಸಣ್ಣ ರಿಪೇರಿ ಮಾಡಿಕೊಂಡಿದ್ದೆ. ಬಲಗಡೆಯ ಆಲ್ಟ್ ಹಿಡಿದು ಸ್ಪೇಸ್ ಒತ್ತಿದರೆ ಝಡ್‌ಡಬ್ಲ್ಯುಎನ್‌ಜೆ, ಅಂದರೆ ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆ, ಬರುತ್ತಿತ್ತು. ಅದು ಇಲ್ಲದೆ 'ರಾಜ್‌ಕುಮಾರ್' ಅಂತ ಹೊಡೆಯಲು ಹೋದರೆ 'ರಾಜ್ಕುಮಾರ್' ಅಂತ ಒತ್ತಕ್ಷರ ಬಂದು ಕೂರುತ್ತದೆ. ದಿನಕ್ಕೆ ಹತ್ತಾರು ಸಲ ಬೇಕಾಗುವ ಕೀಲಿ ಅದು.

ಉಬುಂಟು 20.04 ಆವೃತ್ತಿಯಿಂದ 22.04ಕ್ಕೆ ಹೋದಾಗ ಅದು ಮಾಯವಾಯಿತು. ತಪ್ಪು ನನ್ನದೇ. ಯುಎಸ್‌ಆರ್ ಫೋಲ್ಡರಿನ ಒಳಗಿರುವ, ಕೀಲಿಮಣೆ ನೋಡಿಕೊಳ್ಳುವ ಎಕ್ಸ್‌ಕೆಬಿಯ 'ಇನ್' (ಭಾರತೀಯ ಲೇಔಟ್‌ಗಳ) ಫೈಲನ್ನೇ ನೇರವಾಗಿ ತಿದ್ದಿದ್ದೆ. ಇಟಿಸಿ ಫೋಲ್ಡರಿನಲ್ಲಿರುವ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲು ತಿದ್ದಿದ್ದರೆ, ಅದರ ಹೊಸ ಆವೃತ್ತಿ ಬಂದಾಗ ಪ್ಯಾಕೇಜುಗಳನ್ನು ಹಾಕುವ ಪ್ರೋಗ್ರಾಂ ಡಿಪಿಕೆಜಿ ನಿಂತು ಕೇಳುತ್ತದೆ, ನಿನ್ನದು ಇಟ್ಟುಕೊಳ್ಳಲಾ ಹೊಸದು ಹಾಕಲಾ ಅಂತ. ಯುಎಸ್‌ಆರ್‌ನಲ್ಲಿ ಇರುವುದು ಪ್ಯಾಕೇಜಿನ ಸ್ವತ್ತು, ಅಲ್ಲಿ ಕೇಳುವುದು ಹೇಳುವುದು ಏನೂ ಇಲ್ಲ, ಸುಮ್ನೆ ಹೊಸ ಫೈಲು ತಂದು ಹಳೆಯದರ ಮೇಲೆ ಹಾಕುತ್ತದೆ.

ಹಾಗಾಗಿ 24.04ಕ್ಕೆ ಹೋಗುವಾಗ ಅವಸರ ಮಾಡಲಿಲ್ಲ. ದೀರ್ಘಕಾಲ ಬೆಂಬಲ ಸಿಗುವ ಒಂದು ಎಲ್‌ಟಿಎಸ್ ಆವೃತ್ತಿಯಿಂದ ಮುಂದಿನ ಎಲ್‌ಟಿಎಸ್‌ಗೆ ದಾರಿ ತೆರೆಯುವುದು ಹೇಗೂ ಮೊದಲ ಪಾಯಿಂಟ್ ರಿಲೀಸ್ (ತಿದ್ದುಪಡಿಗಳ ಆವೃತ್ತಿ) ಆದ ಮೇಲೆ, ಅಂದರೆ 24.04.1, ಅದು ಬಂದದ್ದು 2024ರ ಆಗಸ್ಟ್ ಕೊನೆಗೆ. ಅದಕ್ಕೂ ಮೊದಲು ಟರ್ಮಿನಲ್‌ನಲ್ಲಿ ಡಿಪಿಕೆಜಿ ವೆರಿಫೈ ಓಡಿಸಿದೆ. ಪ್ಯಾಕೇಜುಗಳು ತಂದಿಟ್ಟ ಫೈಲುಗಳಲ್ಲಿ ಯಾವುದು ಬದಲಾಗಿದೆ ಅಂತ ಪಟ್ಟಿ ಕೊಡುತ್ತದೆ. ಸಾಲಿನಲ್ಲಿ 'ಸಿ' ಅಕ್ಷರ ಇದ್ದರೆ ಕಾನ್ಫಿಗ್ ಫೈಲು, ಹೆದರಬೇಕಿಲ್ಲ. 'ಸಿ' ಇಲ್ಲದ ಸಾಲುಗಳೇ ಅಪಾಯದವು. ನನ್ನ ಪಟ್ಟಿಯಲ್ಲಿ ಅಂಥವು ಎರಡಿದ್ದವು, ಒಂದು ಇದೇ ಕೀಲಿಮಣೆ (22.04ರಲ್ಲೂ ಮತ್ತೆ ಅದೇ ಫೈಲನ್ನು ತಿದ್ದಿಕೊಂಡಿದ್ದೆ), ಇನ್ನೊಂದು ಯಾವತ್ತೋ ತಿದ್ದಿ ಮರೆತೇಬಿಟ್ಟಿದ್ದ ಪ್ರಿಂಟರಿನ ಫೈಲು!

ಕೀಲಿಮಣೆಯನ್ನು ನನ್ನ ಸ್ವಂತ ಫೈಲುಗಳಿರುವ ಹೋಮ್ ಫೋಲ್ಡರಿನ ಒಳಗಿನ ಡಾಟ್ ಕಾನ್ಫಿಗ್‌ಗೆ ಸಾಗಿಸಿದೆ. ಅಲ್ಲಿ ಎಕ್ಸ್‌ಕೆಬಿ ಅಂತ ಫೋಲ್ಡರ್ ಮಾಡಿ, ಕಗಪವನ್ನು ಇನ್‌ಕ್ಲೂಡ್ ಮಾಡಿಕೊಂಡು ನನ್ನ ಒಂದು ಕೀಲಿಯನ್ನು ಮಾತ್ರ ಬದಲಿಸುವ ಪುಟ್ಟ ಸಿಂಬಲ್ಸ್ ಫೈಲು, ಸೆಟ್ಟಿಂಗ್ಸ್‌ನಲ್ಲಿ ಹೆಸರು ಕಾಣಿಸಲು ಒಂದು ರೂಲ್ಸ್ ಫೈಲು. ಹಳೇ ಆವೃತ್ತಿಯಲ್ಲೇ ಒಂದು ವಾರ ಓಡಿಸಿ ನೋಡಿದೆ, ಇದು ಮುಖ್ಯ, ಇಲ್ಲದಿದ್ದರೆ ಅಪ್‌ಗ್ರೇಡ್ ಆದ ಮೇಲೆ ಕೆಟ್ಟದ್ದು ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ ಅಲ್ವಾ. ಆಮೇಲೆ ಹೋಮ್ ಮತ್ತು ಇಟಿಸಿ ಎರಡನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಟ್ಟೆ.

ಅಪ್‌ಗ್ರೇಡ್ ನಡುವೆ ಮೂರು ಸಲ ಕಾನ್ಫಿಗ್ ಪ್ರಶ್ನೆ ಬಂತು. ಪ್ರತಿ ಸಲ 'ಡಿ' ಒತ್ತಿ ವ್ಯತ್ಯಾಸ ನೋಡಿ, ನನ್ನದನ್ನೇ ಉಳಿಸಿಕೊಂಡೆ. ಹೊಸ ಫೈಲು ಪಕ್ಕದಲ್ಲೇ ಡಿಪಿಕೆಜಿ-ಡಿಸ್ಟ್ ಅನ್ನೋ ಬಾಲ ಹಚ್ಚಿಕೊಂಡು ಕೂತಿರುತ್ತದೆ, ಬಿಡುವಾದಾಗ ಹೋಲಿಸಿದರಾಯಿತು. ಪಿಪಿಎಗಳು, ಅಂದರೆ ಹೊರಗಿನವರ ಸಾಫ್ಟ್‌ವೇರ್ ಮೂಲಗಳು, ಆಫ್ ಆಗಿದ್ದವು, ಬೇಕಾದವನ್ನು ಮಾತ್ರ ಆನ್ ಮಾಡಿದೆ. ಪೈಥಾನ್ 3.10ರಿಂದ 3.12ಕ್ಕೆ ಹಾರಿದ್ದರಿಂದ ಪ್ರಾಜೆಕ್ಟುಗಳಿಗೆ ಪ್ರತ್ಯೇಕವಾಗಿ ಮಾಡಿಟ್ಟ ಹಳೆಯ ವರ್ಚುವಲ್ ಎನ್ವಿರಾನ್‌ಮೆಂಟುಗಳನ್ನೆಲ್ಲ ಮತ್ತೆ ಕಟ್ಟಬೇಕಾಯಿತು, ಅದಕ್ಕೇ ಜಾಸ್ತಿ ಹೊತ್ತು ಹೋಯಿತು.

ರೀಬೂಟ್ ಆದ ತಕ್ಷಣ ಟೆಕ್ಸ್ಟ್ ಎಡಿಟರ್ ತೆರೆದು 'ರಾಜ್‌ಕುಮಾರ್' ಹೊಡೆದೆ. ಸರಿಯಾಗಿ ಬಂತು. ಆದರೆ ಹೋಮ್‌ನಲ್ಲಿಟ್ಟ ಈ ಲೇಔಟ್, ಪರದೆ ನಡೆಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಸೆಷನ್ನಿನಲ್ಲಿ ಮಾತ್ರ ನಡೆಯುತ್ತದೆ. ಅಪರೂಪಕ್ಕೆ ಹಳೆಯ ವ್ಯವಸ್ಥೆಯಾದ ಎಕ್ಸಾರ್ಗ್‌ಗೆ ಹೋದಾಗ ಈಗಲೂ ಝಡ್‌ಡಬ್ಲ್ಯುಎನ್‌ಜೆಯನ್ನು ಬೇರೆಡೆಯಿಂದ ಕಾಪಿ ಪೇಸ್ಟ್ ಮಾಡುತ್ತಿದ್ದೇನೆ.