ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್: ಮೂರೇ ಊರು ಇಟ್ಕೊಂಡು ನಿಧಾನಕ್ಕೆ ನೋಡೋದು ಹೇಗೆ

ಮೊದಲ ಸಲ ಯುರೋಪಿಗೆ ಹೋಗೋರು ಹತ್ತು ದಿನಕ್ಕೆ ಏಳು ದೇಶ ಅನ್ನೋ ಪ್ಯಾಕೇಜ್ ತಗೊಂಡ್ಬಿಡ್ತಾರೆ, ಅರ್ಧ ಟೈಮ್ ಬಸ್ಸಲ್ಲೇ ಹೋಗತ್ತೆ. ನನ್ನ ಕೇಳಿದ್ರೆ ಜೆಕ್ ದೇಶದ ಪ್ರಾಗ್, ಆಸ್ಟ್ರಿಯಾದ ವಿಯೆನ್ನಾ, ಹಂಗೇರಿಯ ಬುಡಾಪೆಸ್ಟ್, ಈ ಮೂರೇ ಊರು ಸಾಕು, ಇದೇ ಆರ್ಡರಲ್ಲಿ. ಮೂರೂ ದೇಶಕ್ಕೆ ಷೆಂಗೆನ್ ವೀಸಾ (ಯುರೋಪಿನ ಬಹಳಷ್ಟು ದೇಶಕ್ಕೆ ನಡೆಯೋ ವೀಸಾ) ಒಂದೇ ಸಾಕು, ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಅಲ್ಲಿಗೇ ಅಪ್ಲೈ ಮಾಡ್ಬೇಕು, ಕಮ್ಮಿ ಅಂದ್ರೂ 30,000 ಯೂರೋ ಕವರ್ ಆಗೋ ಇನ್ಶೂರೆನ್ಸ್ ಬೇಕೇ ಬೇಕು. ಪ್ರಾಗಿಂದ ವಿಯೆನ್ನಾಗೆ ಟ್ರೇನಲ್ಲಿ ಸುಮಾರು 4 ಗಂಟೆ, ಅಲ್ಲಿಂದ ಬುಡಾಪೆಸ್ಟಿಗೆ ಎರಡೂವರೆ ಗಂಟೆ ಮೇಲೆ ಸ್ವಲ್ಪ, ಹಾಗಾಗಿ ಫ್ಲೈಟ್ ಯೋಚನೆ ಬಿಟ್ಬಿಡಿ.

ಯೂರೋ ವಿಯೆನ್ನಾದಲ್ಲಿ ಮಾತ್ರ, ಪ್ರಾಗಲ್ಲಿ ಕೊರುನಾ, ಬುಡಾಪೆಸ್ಟಲ್ಲಿ ಫೋರಿಂಟ್. ಎಟಿಎಂ ರೂಪಾಯಿಗೆ ಕನ್ವರ್ಟ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನಿ, ರೇಟಲ್ಲಿ ಹೊಡೆತ ಬೀಳತ್ತೆ.

ಪ್ರಾಗಲ್ಲಿ ಚಾರ್ಲ್ಸ್ ಸೇತುವೆಗೆ ಬೆಳಕು ಹರಿಯೋ ಹೊತ್ತಿಗೇ ಹೋಗಿ, ಇದೊಂದು ತಪ್ಪಿಸ್ಬೇಡಿ. 1357ರಲ್ಲಿ ಕಟ್ಟೋಕೆ ಶುರು ಮಾಡಿದ್ದು, ಎರಡೂ ಕಡೆ ಸೇರಿ 30 ಪ್ರತಿಮೆ ಸಾಲು, ಹತ್ತು ಗಂಟೆ ಮೇಲೆ ಹೋದ್ರೆ ಕಾಲಿಡೋಕೂ ಜಾಗ ಇರಲ್ಲ. ಸಂತ ನೆಪೊಮುಕ್ ಪ್ರತಿಮೆ ಕೆಳಗಿನ ಫಲಕ ನೋಡಿ, ರಾಜ 1393ರಲ್ಲಿ ಅವರನ್ನ ಹೊಳೆಗೆ ಎಸೆಸಿದ ಕಥೆ ಅದರಲ್ಲಿದೆ, ಕಂಚೆಲ್ಲಾ ಕಪ್ಪಾಗಿದೆ ಆದ್ರೆ ಜನ ಮುಟ್ಟಿ ಮುಟ್ಟಿ ಅವರ ಚಿತ್ರ ಇರೋ ಜಾಗ ಮಾತ್ರ ನಮ್ ದೇವಸ್ಥಾನದ ಗಂಟೆ ಥರ ಫಳಫಳ ಹೊಳೀತಿದೆ. ನಾನು ಅಲ್ಲೇ ತುಂಬಾ ಹೊತ್ತು ನಿಂತಿದ್ದೆ. ಆಮೇಲೆ 22ನೇ ನಂಬರ್ ಟ್ರಾಮ್ ಹಿಡಿದ್ರೆ ಗುಡ್ಡದ ಮೇಲಿನ ಪ್ರಾಗ್ ಕ್ಯಾಸಲ್ ಹತ್ರಾನೇ ಇಳಿಬಹುದು, ಗುಡ್ಡ ಹತ್ತೋ ಕಷ್ಟ ಇಲ್ಲ. ಪೇಪರ್ ಟಿಕೆಟ್ ಆದ್ರೆ ಹತ್ತಿದ ಕೂಡ್ಲೇ ಮಷೀನಲ್ಲಿ ಪಂಚ್ ಮಾಡಿ, ಬರೀ ಕೊಂಡಿಟ್ಕೊಂಡ್ರೆ ಸಾಲ್ದು, ಫೈನ್ ಹಾಕ್ತಾರೆ.

ವಿಯೆನ್ನಾದಲ್ಲಿ ಅರಮನೆ ಎಲ್ರೂ ನೋಡ್ತಾರೆ, ಷೋನ್‌ಬ್ರುನ್ ಅರಮನೆ ತೋಟದ ಬಹುಪಾಲು ಫ್ರೀ ಇದೆ, ಸುತ್ತಾಡಿ ಬನ್ನಿ. ಆದ್ರೆ ನಾನು ಒತ್ತಿ ಹೇಳೋದು ಸ್ಟೇಟ್ ಆಪೆರಾ ಅನ್ನೋ ಸಂಗೀತ ನಾಟಕದ ಥಿಯೇಟರಿನ ಸ್ಟ್ಯಾಂಡಿಂಗ್ ಟಿಕೆಟ್. ಸೀಟಿಗೆ ನೂರಾರು ಯೂರೋ ಆಗೋ ಕಡೆ ನಿಂತು ನೋಡೋಕೆ ತೀರಾ ಕಮ್ಮಿ ಕೊಟ್ರೆ ಸಾಕು. ಒಳಗೆ ಹೋದ್ಮೇಲೆ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ, ಅದು ನಿಮ್ಮ ಜಾಗ ಅಂತ ಗುರುತು, ಅಲ್ಲಿನೋರೂ ಹಾಗೇ ಮಾಡ್ತಾರೆ. ಮುಂದೆ ಇರೋ ಪುಟ್ಟ ಸ್ಕ್ರೀನಲ್ಲಿ ಇಂಗ್ಲಿಷಲ್ಲಿ ಮಾತು ಬರತ್ತೆ, ನನಗೆ ಆಪೆರಾ ಗಂಧ ಗಾಳಿ ಇಲ್ದೇ ಇದ್ರೂ ಮೈ ಜುಮ್ ಅಂತು. ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಊಟೆಗಳಿಂದ ಬರೋದು, 1873ರಿಂದ ಹರೀತಿದೆ, ಬಾಟಲ್ ನೀರು ಕೊಳ್ಳೋದು ದಂಡ.

ಬುಡಾಪೆಸ್ಟಲ್ಲಿ ಕತ್ತಲಾದ್ಮೇಲೆ 2ನೇ ನಂಬರ್ ಟ್ರಾಮಲ್ಲಿ ಡ್ಯಾನ್ಯೂಬ್ ದಡದಲ್ಲೇ ಹೋಗಿ. ಪಾರ್ಲಿಮೆಂಟ್ ಪೂರ್ತಿ ಕಾಣ್ಬೇಕು ಅಂದ್ರೆ ಅದರ ಪಕ್ಕದಿಂದ ಮೆಟ್ರೋ ಹತ್ತಿ, ಹೊಳೆ ಅಡೀಲಿ ಹೋಗಿ ಒಂದೇ ಸ್ಟಾಪ್, ಬತ್ಯಾನಿ ಚೌಕದಲ್ಲಿ ಇಳೀರಿ, ಎದುರುಗಡೆ ನೀರಲ್ಲಿ ಇಡೀ ಕಟ್ಟಡ ಬಂಗಾರದ ಬಣ್ಣದಲ್ಲಿ ಅಲ್ಲಾಡ್ತಿರತ್ತೆ. ವೆಜ್ ತಿನ್ನೋರಿಗೆ ಲಾಂಗೋಷ್ ಇದೆ, ಕರಿದ ರೊಟ್ಟಿ ಮೇಲೆ ಬೆಳ್ಳುಳ್ಳಿ, ಹುಳಿ ಕ್ರೀಮ್, ಚೀಸ್, ಹೊಟ್ಟೆ ತುಂಬತ್ತೆ. ಸೂಪ್ ಮಾತ್ರ ಕೇಳಿ ತಗೊಳ್ಳಿ, ತರಕಾರಿ ಸೂಪಿಗೂ ಮಾಂಸದ ಸ್ಟಾಕ್ ಹಾಕಿರಬಹುದು. ಸೆಚೆನ್ಯಿ ಬಿಸಿನೀರಿನ ಸ್ನಾನಕ್ಕೆ ಹೋಗೋದಾದ್ರೆ ಟವೆಲ್ಲು, ರಬ್ಬರ್ ಚಪ್ಪಲಿ ಜೊತೇಲೇ ಇಟ್ಕೊಳ್ಳಿ, ಬೆಳಿಗ್ಗೆ ಬೇಗ ಹೋದ್ರೆ ಕ್ಯೂ ಕಮ್ಮಿ.