ಹದಿಮೂರರ ಹುಡುಗನಿಗೆ ಬರವಣಿಗೆಯ ಪಠ್ಯ: ನಾನು ಆರಿಸಿಕೊಂಡ ಬಗೆ

ಮನೆಯಲ್ಲೇ ಓದಿಸುವವರಿಗೆ ಗಣಿತದ ಪುಸ್ತಕ ಆರಿಸುವುದು ಅಂಥ ಕಷ್ಟವೇನಲ್ಲ. ಲೆಕ್ಕ ಸರಿ ಬಂತಾ ಇಲ್ವಾ ಅಂತ ಕೊನೆಯ ಪುಟದಲ್ಲಿ ಉತ್ತರ ಇರುತ್ತದೆ. ಬರವಣಿಗೆಗೆ ಅಂಥ ಕೊನೆಯ ಪುಟ ಇಲ್ಲ. ನನ್ನ ಮಗ ಏಳನೇ ತರಗತಿ ಮುಗಿಸಿ ಶಾಲೆ ಬಿಟ್ಟ ಮೇಲೆ ನನ್ನ ತಲೆ ತಿಂದಿದ್ದು ಇದೊಂದೇ. ನಾವಿರುವುದು ಕೋಲಾರದಲ್ಲಿ. ಮನೆಮಾತು ತೆಲುಗು, ಬೀದಿಗಿಳಿದರೆ ಕನ್ನಡ, ಪುಸ್ತಕಗಳು ಇಂಗ್ಲಿಷಿನವು. ಈ ಕಡೆ ಇದೇನು ವಿಶೇಷ ಅಲ್ಲ ಬಿಡಿ. ಆದರೆ ಬರೆಯೋಕೆ ಕೂತಾಗ ಮೂರೂ ಒಟ್ಟಿಗೆ ಬಂದು ಕೂರುತ್ತವೆ.

ಕೇಳಿದವರೆಲ್ಲ ಒಂದೊಂದು ಕೋರ್ಸಿನ ಹೆಸರು ಹೇಳಿದರು. ಅಮೆರಿಕದ್ದೇ ಜಾಸ್ತಿ, ಯಾಕಂದರೆ ಹೋಮ್‌ಸ್ಕೂಲ್ ಮಾಡುವವರಿಗಾಗಿಯೇ ಪುಸ್ತಕ ಮಾಡಿ ಮಾರುವ ವ್ಯಾಪಾರ ಅಲ್ಲಿ ದೊಡ್ಡದು. ಆ ಹೆಸರುಗಳನ್ನೆಲ್ಲ ಪಕ್ಕಕ್ಕಿಟ್ಟು, ಹುಡುಗ ಎಲ್ಲಿ ನಿಲ್ಲುತ್ತಾನೆ ಅಂತ ಮೊದಲು ನೋಡಿಕೊಂಡೆ. ಪೇಪರಿನಿಂದ ಒಂದು ಪ್ಯಾರಾ ಓದಿ ಉಕ್ತಲೇಖನ ಬರೆಸಿದೆ. ಅಲ್ಲೊಂದು ಇಲ್ಲೊಂದು ಮಹಾಪ್ರಾಣ ತಪ್ಪಿತ್ತು, ಒತ್ತಕ್ಷರ ಪರವಾಗಿಲ್ಲ. ಅಂದರೆ ಕೈ ಸರಿಯಿದೆ. ಇನ್ನೊಂದು ದಿನ, ಮಾವನ ಜೊತೆ ಟೊಮೆಟೊ ಮಂಡಿಗೆ ಹೋಗಿ ಬಂದವನನ್ನು ಕೂರಿಸಿಕೊಂಡು ಏನಾಯ್ತೋ ಹೇಳು ಅಂದೆ. ನಮ್ಮಣ್ಣ ಅಲ್ಲಿ ಲೆಕ್ಕ ಬರೆಯುತ್ತಾನೆ. ತಿಂಡಿ ಆರಿ ತಣ್ಣಗಾಗುವವರೆಗೆ ಹುಡುಗನ ಬಾಯಿ ನಿಲ್ಲಲಿಲ್ಲ. ಅಂದರೆ ಹೇಳೋಕೆ ವಿಷಯವೂ ಇದೆ. ಸರಿ, ಇದನ್ನೇ ಬರಿ ಅಂತ ಪುಸ್ತಕ ಕೊಟ್ಟೆ. ಬಂದಿದ್ದು ಇಷ್ಟು: ‘ನಾವು ಮಾರ್ಕೆಟ್‌ಗೆ ಹೋದೆವು. ಅಲ್ಲಿ ತುಂಬಾ ಜನ ಇದ್ದರು. ತುಂಬಾ ಚೆನ್ನಾಗಿತ್ತು.’

ಮಕ್ಕಳು ಬರೆಯಲ್ಲ ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಆದರೆ ಒಬ್ಬನಿಗೆ ಅಕ್ಷರವೇ ತೊಡಕಾಗಿರುತ್ತದೆ, ಇನ್ನೊಬ್ಬಳಿಗೆ ತಪ್ಪಾದರೆ ಬೈತಾರೆ ಅನ್ನೋ ಭಯ, ಮತ್ತೊಬ್ಬನಿಗೆ ತಲೆ ತುಂಬ ಇದೆ, ಆದರೆ ಮೊದಲು ಯಾವುದು ಆಮೇಲೆ ಯಾವುದು ಅಂತ ಹಿಡಿದಿಟ್ಟುಕೊಂಡು ಕೈಯನ್ನೂ ಓಡಿಸೋಕೆ ಆಗಲ್ಲ. ನನ್ನವನು ಈ ಕೊನೆಯ ಜಾತಿ. ಚಿಂತಾಮಣಿಯಲ್ಲಿರುವ ನನ್ನ ಗೆಳತಿಯ ಮಗಳು ಇವನದೇ ವಯಸ್ಸು. ಅವಳು ಪುಟಗಟ್ಟಲೆ ಬರೆಯುತ್ತಾಳೆ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲ. ಇಬ್ಬರಿಗೂ ಒಂದೇ ಕೋರ್ಸ್ ತಗೊಳ್ಳೋಣ, ಖರ್ಚು ಹಂಚಿಕೊಳ್ಳೋಣ ಅಂತ ಗೆಳತಿ ಕೇಳಿದಳು. ಬೇಡ ಕಣೇ ಅಂದೆ.

ಇಷ್ಟು ಗೊತ್ತಾದ ಮೇಲೆ ಕೋರ್ಸ್‌ಗಳನ್ನು ನೋಡುವುದು ಸುಲಭವಾಯಿತು. ಬಹಳಷ್ಟು ಕೋರ್ಸಿನವರು ಮಾದರಿ ಪಾಠ ಪುಕ್ಕಟೆ ಕೊಡುತ್ತಾರೆ. ಅದನ್ನು ಇಳಿಸಿಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಒಂದೊಂದು ಪಾಠ ಮಗನ ಜೊತೆ ಮಾಡಿ ನೋಡಿದೆ. ಕೆಲವು ಕೋರ್ಸ್‌ಗಳ ಜೀವಾಳ ‘ನಿಲ್ಲಿಸದೆ ಬರಿ’ ಅನ್ನೋದು. ಹತ್ತು ನಿಮಿಷ ಗಡಿಯಾರ ಇಟ್ಟುಕೊಂಡು, ತಪ್ಪು ನೋಡದೆ, ಪೆನ್ನು ಎತ್ತದೆ ಬರೆಯಬೇಕು. ಭಯ ಇರುವ ಮಕ್ಕಳಿಗೆ ಇದು ನಿಜವಾಗಿ ಕೆಲಸ ಮಾಡುತ್ತದೆ. ನನ್ನ ಮಗ ಹತ್ತು ನಿಮಿಷ ‘ಏನು ಬರೆಯೋದು ಗೊತ್ತಿಲ್ಲ’ ಅಂತಲೇ ಬರೆದಿಟ್ಟ. ಇನ್ನು ಕೆಲವು ನೋಡಿ ಬರೆಯುವುದು ಮತ್ತು ಉಕ್ತಲೇಖನದ ಮೇಲೆ ನಿಂತಿವೆ. ಸರ್ಕಾರಿ ಶಾಲೆಯಲ್ಲಿ ನಮ್ಮ ಮೇಷ್ಟ್ರು ದಿನಾ ಬರೆಸುತ್ತಿದ್ದ ಕಾಪಿಯೇ ಅದು. ಅದಕ್ಕೆ ಡಾಲರಿನಲ್ಲಿ ದುಡ್ಡು ಕೊಡೋಕೆ ನನಗೆ ಮನಸ್ಸಾಗಲಿಲ್ಲ.

ಶಾರ್ಲೆಟ್ ಮೇಸನ್ (1842–1923) ಅನ್ನುವ ಇಂಗ್ಲಿಷ್ ಶಿಕ್ಷಕಿಯ ಪದ್ಧತಿ ಅನುಸರಿಸುವವರು ಮಗುವಿನಿಂದ ಒಮ್ಮೆ ಓದಿಸಿ, ಪುಸ್ತಕ ಮುಚ್ಚಿ, ಬಾಯಲ್ಲಿ ಹೇಳಿಸುತ್ತಾರೆ. ಹತ್ತು ವರ್ಷದ ಹೊತ್ತಿಗೆ ಅದನ್ನೇ ಬರೆಸೋಕೆ ಶುರು ಮಾಡುತ್ತಾರೆ. ಇದು ನನಗೆ ಹಿಡಿಸಿತು. ಆದರೆ ಇವನು ಬಾಯಿಂದ ಕಾಗದಕ್ಕೆ ದಾಟುವ ಕಡೆಯೇ ಸಿಕ್ಕಿಕೊಳ್ಳುವವನು. ನಡುವೆ ಇನ್ನೊಂದು ಮೆಟ್ಟಿಲು ಬೇಕಿತ್ತು.

ಆ ಮೆಟ್ಟಿಲು ಸಿಕ್ಕಿದ್ದು ಇನ್ನೊಂದು ಕೋರ್ಸಿನ ಮಾದರಿ ಪಾಠದಲ್ಲಿ. ಒಂದು ಪ್ಯಾರಾ ಓದಬೇಕು. ಪ್ರತಿ ವಾಕ್ಯದಿಂದ ಹೆಚ್ಚೆಂದರೆ ಮೂರು ಪದ ಎತ್ತಿ ಒಂದರ ಕೆಳಗೊಂದು ಬರೆದುಕೊಳ್ಳಬೇಕು. ಪುಸ್ತಕ ಮುಚ್ಚಿ, ಆ ಪದಗಳನ್ನು ನೋಡಿಕೊಂಡು ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಬರೆಯಬೇಕು. ಇದೇನು ಹೊಸದಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಬೋಸ್ಟನ್ನಿನಲ್ಲಿ ಅಣ್ಣನ ಅಚ್ಚುಕೂಟದಲ್ಲಿ ದುಡಿಯುತ್ತಿದ್ದ. ಲಂಡನ್ನಿನ ಒಂದು ಪತ್ರಿಕೆಯ ಲೇಖನಗಳಿಂದ ಹೀಗೇ ಸಣ್ಣ ಸುಳಿವು ಬರೆದುಕೊಂಡು, ಕೆಲವು ದಿನ ಬಿಟ್ಟು, ನೋಡದೆ ಮತ್ತೆ ಬರೆದು, ಮೂಲದ ಜೊತೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದನಂತೆ. ಕೆಲವು ಸಲ ಆ ಸುಳಿವುಗಳನ್ನು ಬೇಕಂತಲೇ ಕಲಸಿಟ್ಟು, ಕೆಲವು ವಾರದ ನಂತರ ಅವನ್ನು ಸರಿಯಾದ ಕ್ರಮಕ್ಕೆ ತರಲು ಕೂರುತ್ತಿದ್ದ. ವಿಷಯವನ್ನು ಜೋಡಿಸುವುದನ್ನು ಅವನು ಕಲಿತಿದ್ದು ಹಾಗೆ. ಅವನೇ ಆತ್ಮಕತೆಯಲ್ಲಿ ಬರೆದುಕೊಂಡಿದ್ದಾನೆ. ಇದನ್ನು ಹೇಳಿದಾಗ ನನ್ನ ಮಗ ಕೇಳಿದ, ‘ಅವನಿಗೆ ಅಮ್ಮ ಹೇಳಿಕೊಡಲಿಲ್ವಾ?’ ಇಲ್ಲಪ್ಪ, ಅವನಾಗಿ ಅವನೇ ಕೂತು ಮಾಡಿದ ಅಂದೆ. ಅದಕ್ಕೆ ಉತ್ತರ ಬರಲಿಲ್ಲ.

ಆ ಕೋರ್ಸನ್ನೇ ಕೊಳ್ಳಲಿಲ್ಲ. ಅದರ ಪ್ಯಾರಾಗಳಲ್ಲಿ ಹಿಮ ಬೀಳುತ್ತದೆ, ಬೇಸ್‌ಬಾಲ್ ಆಡುತ್ತಾರೆ. ಹುಡುಗ ಅರ್ಧ ಹೊತ್ತು ಪದದ ಅರ್ಥ ಕೇಳೋದರಲ್ಲೇ ಕಳೆಯುತ್ತಾನೆ. ವಿಧಾನ ಮಾತ್ರ ಇಟ್ಟುಕೊಂಡೆ. ಓದಲು ಪ್ಯಾರಾಗಳನ್ನು ಕನ್ನಡದಿಂದ ಆರಿಸಿದೆ. ರಾಜ್ಯದ ಪಠ್ಯಪುಸ್ತಕಗಳು ಪಿಡಿಎಫ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಪೇಪರ್ ಹೇಗೂ ಮನೆಗೆ ಬರುತ್ತದೆ. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ ಕತೆಗಳಿಂದಲೂ ಕೆಲವು ಪುಟ ತಗೊಂಡೆ, ಅವರ ವಾಕ್ಯ ಸರಳ, ಮೂರು ಪದ ಎತ್ತೋಕೆ ಹದವಾಗಿರುತ್ತದೆ.

ಬೇರೆಯವರ ಪ್ಯಾರಾದಲ್ಲಿ ಕೈ ಪಳಗಿದ ಮೇಲೆ ಅವನದೇ ವಿಷಯಕ್ಕೆ ಬಂದೆವು. ಮತ್ತೆ ಮಂಡಿ. ಅವನು ಹೇಳುತ್ತಾ ಹೋದ, ನಾನು ಸುಮ್ನೆ ಕೇಳಿದೆ, ಪದಗಳನ್ನು ಅವನೇ ಬರೆದುಕೊಂಡ: ‘ಕ್ರೇಟು, ಮೇಲೆ, ಕೆಂಪು’, ‘ಕೈ, ಅಡಿ, ಹಿಸುಕು’, ‘ಕೂಗು, ಬೆಲೆ’, ‘ಅಜ್ಜಿ, ಚೀಟಿ’. ಅದರಿಂದ ಬಂದ ಪ್ಯಾರಾ ಇದು: ‘ಹದಿನೈದು ಕೆ.ಜಿ. ಕ್ರೇಟಿನ ಮೇಲೆ ಹಣ್ಣು ಕೆಂಪಗೆ ದಪ್ಪಗೆ ಇರುತ್ತದೆ. ಕೊಳ್ಳುವವರು ಅದನ್ನು ನೋಡುವುದೇ ಇಲ್ಲ. ಕೈಯನ್ನು ಅಡಿಗೆ ಹಾಕಿ ಕೆಳಗಿನ ಹಣ್ಣು ತೆಗೆದು ಹಿಸುಕುತ್ತಾರೆ. ಆಮೇಲೆ ಕೂಗು ಶುರು. ಬೆಲೆ ನಿಂತ ಮೇಲೆ ಒಂದು ಅಜ್ಜಿ ಬಂತು. ಚೀಟಿ ಇಸ್ಕೊಂಡು ಓದದೆ ಸೆರಗಿಗೆ ಗಂಟು ಹಾಕಿತು.’

‘ಅಜ್ಜಿ ಬಂತು’ ನೋಡಿ. ತೆಲುಗಿನಲ್ಲಿ ಹೆಂಗಸಿಗೂ ಹಸುವಿಗೂ ಕ್ರಿಯಾಪದ ಒಂದೇ, ‘ವಚ್ಚಿಂದಿ’. ಈ ಕಡೆಯ ಮಕ್ಕಳ ಕನ್ನಡಕ್ಕೆ ಅದು ಹಾಗೇ ಇಳಿಯುತ್ತದೆ. ಅವತ್ತು ನಾನು ಅದನ್ನು ಮುಟ್ಟಲಿಲ್ಲ. ಒಂದು ಬರಹಕ್ಕೆ ಒಂದೇ ತರದ ತಪ್ಪು ತಿದ್ದೋದು ಅಂತ ಇಟ್ಟುಕೊಂಡಿದ್ದೇನೆ. ಮೊದಲು ವಿಷಯದ ಕ್ರಮ, ಆಮೇಲೆ ವಾಕ್ಯ, ಕಾಗುಣಿತ ಕೊನೆಗೆ. ಕೆಂಪು ಪೆನ್ನು ಬಳಸಲ್ಲ, ಅವನ ಕೈಲೇ ಜೋರಾಗಿ ಓದಿಸುತ್ತೇನೆ. ಅರ್ಧಕ್ಕರ್ಧ ತಪ್ಪು ಅವನ ಕಿವಿಗೇ ಬೀಳುತ್ತದೆ. ಅಜ್ಜಿಯನ್ನು ಮುಂದಿನ ವಾರ ‘ಬಂದರು’ ಮಾಡಿದೆವು.

ಪೇಟೆಯಲ್ಲಿ ಸಿಗುವ ಪ್ರಬಂಧದ ಗೈಡ್‌ಗಳನ್ನೂ ತಿರುವಿ ಹಾಕಿದ್ದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಈ ಚೌಕಟ್ಟು ಕೆಟ್ಟದ್ದೇನಲ್ಲ, ಪರೀಕ್ಷೆಗೆ ಬೇಕೇ ಬೇಕು. ಕಿರಿಕಿರಿ ಏನಂದರೆ ಒಳಗಿರುವ ಪ್ರಬಂಧ ಬಾಯಿಪಾಠಕ್ಕೆ ಸಿದ್ಧವಾಗಿ ಕೂತಿರುತ್ತದೆ. ಕೋಲಾರದ ಮೇಲೆ ಬರೆಯಿರಿ ಅಂದರೆ ಎಲ್ಲ ಮಕ್ಕಳೂ ‘ಚಿನ್ನದ ನಾಡು’ ಅಂತಲೇ ಶುರು ಮಾಡುತ್ತಾರೆ. ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ, ಈ ಮಕ್ಕಳು ಹುಟ್ಟುವ ಮುಂಚೆ. ಅವರು ದಿನಾ ನೋಡುವುದು ಟೊಮೆಟೊ ಲಾರಿ. ಗಾದೆ ವಿಸ್ತರಣೆ, ಪತ್ರ ಇವೆರಡಕ್ಕೆ ಮಾತ್ರ ಗೈಡ್ ಇಟ್ಟುಕೊಂಡಿದ್ದೇನೆ, ಅದೂ ನಮೂನೆ ನೋಡೋಕೆ.

ಪರೀಕ್ಷೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಯೋಚನೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಿಂದ ಹತ್ತನೇ ತರಗತಿ. ಅದಕ್ಕೆ 14 ವರ್ಷ ತುಂಬಿರಬೇಕು. ಐದು ವಿಷಯ ತಗೊಳ್ಳಬೇಕು, ಅದರಲ್ಲಿ ಭಾಷೆ ಒಂದಾದರೂ ಇರಲೇಬೇಕು, ಎರಡಕ್ಕಿಂತ ಜಾಸ್ತಿ ಇರುವಂತಿಲ್ಲ. ಕನ್ನಡವೂ ಇದೆ. ಪ್ರತಿ ವಿಷಯಕ್ಕೂ ಮನೆಯಲ್ಲೇ ಬರೆದು ಕೊಡುವ ಟಿಎಂಎ ಅನ್ನೋ ಅಸೈನ್‌ಮೆಂಟ್ ಇರುತ್ತದೆ, ಅದಕ್ಕೆ ಶೇ. 20 ಅಂಕ. ಸಮಾಜ, ವಿಜ್ಞಾನದಲ್ಲೂ ಪ್ಯಾರಾ ಕಟ್ಟೋಕೆ ಬರದಿದ್ದರೆ ಅಲ್ಲಿ ಒದ್ದಾಟ. ಹಾಗಾಗಿ ಮೂರು ಪದದ ಅಭ್ಯಾಸವನ್ನು ಈಗ ವಿಜ್ಞಾನದ ಪಾಠಕ್ಕೂ ತಂದಿದ್ದೇವೆ. ದ್ಯುತಿಸಂಶ್ಲೇಷಣೆಗೆ ಪದ ಎತ್ತೋದು ಕತೆಗಿಂತ ಸುಲಭ ಅಂತ ಅವನೇ ಹೇಳಿದ.

ದುಡ್ಡು ಕೊಟ್ಟು ಕೊಂಡಿದ್ದು ಒಂದೇ, ಒಂದು ಇಂಗ್ಲಿಷ್ ಕೋರ್ಸಿನ ಪೋಷಕರ ಕೈಪಿಡಿ, ಪಿಡಿಎಫ್. ಮಗುವಿನ ಬರಹ ಕೈಗೆ ಬಂದಾಗ ಏನು ಕೇಳಬೇಕು, ಏನು ಕೇಳಬಾರದು ಅಂತ ಅದರಲ್ಲಿ ಪುಟಗಟ್ಟಲೆ ಇದೆ. ಸ್ಪೈರಲ್ ಹಾಕಿಸಿ ಇಟ್ಟುಕೊಂಡಿದ್ದೇನೆ. ಕೋರ್ಸ್ ಕೊಳ್ಳುವವರು ಅದರ ಪೋಷಕರ ಕೈಪಿಡಿಯ ಮಾದರಿ ಪುಟ ಕೇಳಿ ನೋಡಿ. ‘ಉತ್ತರಗಳು ಬದಲಾಗಬಹುದು’ ಅಂತ ಮಾತ್ರ ಬರೆದಿದ್ದರೆ ಆ ಕೋರ್ಸ್ ಬಿಟ್ಟುಬಿಡಿ, ಕೂತು ತಿದ್ದುವವರು ನೀವೇ ಅಲ್ವಾ. ಇಂಗ್ಲಿಷ್ ಬರವಣಿಗೆಯನ್ನು ಈ ತಿಂಗಳು ಶುರು ಮಾಡಿದ್ದೇವೆ, ಅದೇ ವಿಧಾನ. ಅವನು ಪದಗಳನ್ನು ಕನ್ನಡದಲ್ಲೇ ಬರೆದುಕೊಂಡು ವಾಕ್ಯ ಇಂಗ್ಲಿಷಿನಲ್ಲಿ ಕಟ್ಟುತ್ತಿದ್ದಾನೆ. ಸದ್ಯಕ್ಕೆ ನಾನು ಬೇಡ ಅಂದಿಲ್ಲ.