ಮೋಟರ್ ಯಾರ ಮೀಟರಿನಲ್ಲಿದೆ? ಬಾಡಿಗೆ ಮನೆಯ ಬಿಲ್ಲುಗಳು, ನನ್ನ ಅನುಭವ

2024ರ ಜೂನ್ ತಿಂಗಳು. ಮೊದಲ ಮಹಡಿಯ ಮುಂದಿನ ಮನೆಯ ಹುಡುಗಿ ಕರೆಂಟ್ ಬಿಲ್ ಹಿಡಿದುಕೊಂಡು ಕೆಳಗೆ ಬಂದಳು. ಹಾಸನದ ಕಡೆಯವರು, ಗಂಡ ಹೆಂಡತಿ, ಆರು ವರ್ಷದ ಮಗಳು.

"ಆಂಟಿ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳಮ್ಮ."

"ಮೊದಲೆಲ್ಲ ನಮಗೆ ಸೊನ್ನೆ ಬಿಲ್ ಬರ್ತಿತ್ತು. ಈಗ ನಾಲ್ಕೈದು ತಿಂಗಳಿಂದ ನೂರೈವತ್ತು, ಇನ್ನೂರು ಬರ್ತಿದೆ. ನಾವು ಹೊಸದಾಗಿ ಏನೂ ತಗೊಂಡಿಲ್ಲ. ಗೀಸರ್ ಕೂಡ ಹಾಕಲ್ಲ, ಸೋಲಾರ್ ನೀರೇ."

ನಮ್ಮದು ಬೆಂಗಳೂರಿನ ನಂದಿನಿ ಲೇಔಟಿನಲ್ಲಿ 30x40 ಸೈಟಿನ ಮನೆ. ಕೆಳಗೆ ನಾವು, ಮೊದಲ ಮಹಡಿಯಲ್ಲಿ ಎರಡು ಮನೆ, ಅದರ ಮೇಲೆ ಒಂದು. ಬೆಸ್ಕಾಂನ ಕರೆಂಟ್ ಮೀಟರ್ ನಾಲ್ಕು, ಎಲ್ಲ ಮೆಟ್ಟಿಲ ಕೆಳಗಿನ ಬೋರ್ಡಿನಲ್ಲಿವೆ. ನೀರಿನ ಮೀಟರ್ ಮಾತ್ರ ಒಂದೇ. ಒಂದು ಸಂಪು, ಒಂದು ಮೋಟರ್, ಮೇಲೆ ಟ್ಯಾಂಕ್.

ಆಕೆಯ ಮನೆಗೆ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ, ಇತ್ತು. ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. 2022-23ರಲ್ಲಿ ಆ ಮೀಟರಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಎಷ್ಟೋ, ಅಷ್ಟೇ ಉಚಿತ. ಅದರ ಮೇಲೆ ಹೋದರೆ ಹೆಚ್ಚಾದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆಕೆಯ ಮನೆಯ ಸರಾಸರಿ 62, ಉಚಿತ 68. ಬಿಲ್ಲಿನಲ್ಲಿ ಓಡಿದ್ದು 97 ಎಂದಿತ್ತು.

ಸರಿ, ನೋಡೋಣ ಬಾ ಎಂದು ಇಬ್ಬರೂ ಮೆಟ್ಟಿಲ ಕೆಳಗೆ ಹೋದೆವು. ಆಕೆಯ ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿದೆ. ಮೀಟರಿನಲ್ಲಿ ಒಂದು ಚಿಕ್ಕ ಕೆಂಪು ದೀಪ ಇರುತ್ತದೆ, ಕರೆಂಟ್ ಓಡುವಾಗ ಮಿನುಗುತ್ತದೆ. ನಮ್ಮ ಮೀಟರುಗಳ ಮೇಲೆ 3200 ಎಂದು ಅಚ್ಚಾಗಿದೆ. ಅಂದರೆ ಆ ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಮೇನ್ ಆಫ್ ಆದ ತಕ್ಷಣ ದೀಪ ಸುಮ್ಮನಾಯಿತು. ಲೀಕೇಜ್ ಏನೂ ಇಲ್ಲ ಎಂದುಕೊಂಡೆ. ಅಷ್ಟರಲ್ಲಿ ನಮ್ಮ ಮನೆಯವರು ಒಳಗಿನಿಂದ ಮೋಟರ್ ಹಾಕಿದರು. ಆಕೆಯ ಮೀಟರಿನ ದೀಪ ಪಟಪಟ ಹೊಡೆಯಲು ಶುರುವಾಯಿತು. ಸೆಕೆಂಡಿಗೆ ಒಂದು ಸಲ ಹತ್ತಿರ ಹತ್ತಿರ. ನಾನು ಆಕೆಯ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು.

ಜನವರಿಯಲ್ಲಿ ಮೋಟರಿನ ಸ್ಟಾರ್ಟರ್ ಸುಟ್ಟುಹೋಗಿತ್ತು. ನಾನು ತವರಿನ ಮದುವೆಗೆ ಹೋಗಿದ್ದೆ. ಎಲೆಕ್ಟ್ರಿಷಿಯನ್ ಹೊಸ ಸ್ಟಾರ್ಟರ್ ಹಾಕಿ, ಕೈಗೆ ಹತ್ತಿರ ಸಿಕ್ಕ ತಂತಿಗೆ ಕನೆಕ್ಷನ್ ಕೊಟ್ಟು ಹೋಗಿದ್ದ. ಆಕೆಯ ಮೀಟರಿನಿಂದ ಹೊರಟು ಇನ್ನೂ ಮೇನ್ ಸ್ವಿಚ್ ಸೇರದ ತಂತಿ ಅದು. ನಮ್ಮದು ಒಂದು ಎಚ್‌ಪಿ ಮೋಟರ್. ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 30 ಯೂನಿಟ್. 2024ರ ಏಪ್ರಿಲಿನಿಂದ 2025ರ ಮಾರ್ಚ್‌ವರೆಗೆ ಮನೆಗಳಿಗೆ ಯೂನಿಟ್ಟಿಗೆ 5.90 ರೂಪಾಯಿ ದರ ಇತ್ತು, ಮೇಲೆ ತೆರಿಗೆ. ಸರಿಯಾಗಿ ಆಕೆ ಹೇಳಿದ ಇನ್ನೂರು ರೂಪಾಯಿ. ನಾಲ್ಕು ಮನೆಯ ನೀರು ಎತ್ತಿದ ಕರೆಂಟಿನ ದುಡ್ಡನ್ನು ಐದು ತಿಂಗಳಿನಿಂದ ಒಂದು ಮನೆಯವರು ಕಟ್ಟಿದ್ದರು. ನಮಗೆ ಮಾತ್ರ ಸೊನ್ನೆ ಬಿಲ್ಲು, ಯಾಕೆಂದರೆ ನಮ್ಮ ಹಳೆಯ ಸರಾಸರಿಯಲ್ಲಿ ಮೋಟರಿನ ಲೆಕ್ಕ ಸೇರಿಯೇ ಇತ್ತು.

ನನಗೆ ತುಂಬಾ ಸಂಕಟವಾಯಿತು. ಈ ಮನೆ ಕಟ್ಟುವ ಮೊದಲು ನಾವು ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದವರು. ಒಂದು ಮನೆಯಲ್ಲಿ ನೀರಿಗೆ ತಿಂಗಳಿಗೆ 300 ರೂಪಾಯಿ ಎಂದು ಗಟ್ಟಿಯಾಗಿ ಹೇಳಿಬಿಟ್ಟಿದ್ದರು. ಬಿಲ್ ತೋರಿಸಿ ಎಂದು ಕೇಳಲು ಧೈರ್ಯ ಬರುತ್ತಿರಲಿಲ್ಲ. ಓನರ್ ಹತ್ತಿರ ಲೆಕ್ಕ ಕೇಳುವುದು ಅಷ್ಟು ಸುಲಭ ಅಲ್ಲ. ಈ ಹುಡುಗಿ ಕೂಡ ಐದು ತಿಂಗಳು ಯೋಚನೆ ಮಾಡಿ ಬಂದಿದ್ದಳು. ಮಾರನೇ ದಿನವೇ ತಂತಿ ಬದಲಾಯಿಸಿ ಮೋಟರ್, ಮೆಟ್ಟಿಲ ದೀಪ, ಗೇಟಿನ ದೀಪ ಮೂರನ್ನೂ ನಮ್ಮ ಮೀಟರಿಗೆ ಹಾಕಿಸಿದೆ. "ಇರಲಿ ಬಿಡಿ ಆಂಟಿ" ಎಂದರೂ ಜುಲೈ ಬಾಡಿಗೆಯಲ್ಲಿ 1000 ರೂಪಾಯಿ ಕಡಿಮೆ ತಗೊಂಡೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಯಾವ ಬಿಲ್ ಯಾರದ್ದು, ಯಾಕೆ ಎಂದು ಒಂದೊಂದಾಗಿ ಕೂತು ಬರೆದೆ.

ಜಾಸ್ತಿ ತಲೆ ತಿಂದದ್ದು ನೀರು. ಜಲಮಂಡಳಿಯ ಬಿಲ್ ನಮ್ಮ ಹೆಸರಿಗೆ ಒಂದೇ ಬರುತ್ತದೆ. ನಾಲ್ಕು ಮನೆ ಸೇರಿ ಹನ್ನೊಂದು ಜನ, ತಿಂಗಳಿಗೆ ಸುಮಾರು 40,000 ಲೀಟರ್. 2014ರಿಂದ 2025ರ ಮಾರ್ಚ್‌ವರೆಗೆ ಇದ್ದ ದರ ಹೀಗೆ: ಮೊದಲ 8,000 ಲೀಟರಿಗೆ, ಸಾವಿರ ಲೀಟರಿಗೆ 7 ರೂಪಾಯಿ. ಅಲ್ಲಿಂದ 25,000ದವರೆಗೆ 11. ಅಲ್ಲಿಂದ 50,000ದವರೆಗೆ 26. ಅದರ ಮೇಲೆ 45. ನಮ್ಮ 40,000 ಲೀಟರಿಗೆ ನೀರಿನದೇ 633 ರೂಪಾಯಿ ಆಗುತ್ತಿತ್ತು. ಅದೇ ನಾಲ್ಕು ಮನೆಗೂ ಬೇರೆ ಬೇರೆ ಮೀಟರ್ ಇದ್ದು ಒಂದೊಂದು ಮನೆ 10,000 ಲೀಟರ್ ಬಳಸಿದ್ದರೆ? ಮನೆಗೆ 78 ರೂಪಾಯಿ, ನಾಲ್ಕಕ್ಕೂ ಸೇರಿ 312. ಅರ್ಧಕ್ಕೆ ಅರ್ಧ!

ಈ ಲೆಕ್ಕ ಮಾಡಿದ ದಿನ ಪೆನ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಬಿಲ್ ಜಾಸ್ತಿ ದರದ ಸ್ಲ್ಯಾಬಿಗೆ ಹೋಗಿರುವುದು ಬಾಡಿಗೆಯವರು ನೀರು ಚೆಲ್ಲಿದ್ದಕ್ಕಲ್ಲ. ಮನೆ ಕಟ್ಟುವಾಗ ದುಡ್ಡು ಉಳಿಯಲಿ ಎಂದು ನಾವು ಒಂದೇ ಕನೆಕ್ಷನ್ ತಗೊಂಡಿದ್ದಕ್ಕೆ. ಹಾಗಾಗಿ ಸ್ಲ್ಯಾಬಿನಿಂದ ಹೆಚ್ಚಾದ 321 ರೂಪಾಯಿ, ಒಳಚರಂಡಿ ಶುಲ್ಕ, ಮೀಟರ್ ಶುಲ್ಕ ನನ್ನದು ಎಂದು ಬರೆದುಕೊಂಡೆ. ಉಳಿದದ್ದನ್ನು ಹನ್ನೊಂದು ತಲೆಗೆ ಹಂಚಿದೆ. ತಲೆಗೆ 28 ರೂಪಾಯಿ ಬಂತು. ಮೂರು ಜನರ ಮನೆಗೆ 84. ನಮ್ಮ ಬೀದಿಯಲ್ಲಿ ಕೆಲವರು "ಇಷ್ಟು ಕಡಿಮೆ ತಗೊಂಡರೆ ಹೇಗೆ?" ಎಂದು ಕೇಳಿದ್ದಾರೆ. ಕಾವೇರಿ ನೀರಿನಲ್ಲಿ ನಾನು ಲಾಭ ಮಾಡುವುದಿಲ್ಲ. 2025ರ ಏಪ್ರಿಲಿನಲ್ಲಿ ದರ ಏರಿತು. ಹಂಚುವ ರೀತಿ ಅದೇ ಇದೆ, ಬಿಲ್ಲಿನ ಫೋಟೋ ವಾಟ್ಸ್ಆಪ್ ಗುಂಪಿಗೆ ಹಾಕುತ್ತೇನೆ.

ಮನೆಗೆ ಇಷ್ಟು ಎನ್ನದೆ ತಲೆಗೆ ಇಷ್ಟು ಎನ್ನುವುದನ್ನು ಕಲಿಸಿದ್ದು ಅದೇ 2024ರ ಬೇಸಿಗೆ. ಬೆಂಗಳೂರಿಗೆ ನೀರಿನ ಬರ ಬಂದ ವರ್ಷ. ದಿನ ಬಿಟ್ಟು ದಿನ ಬರುತ್ತಿದ್ದ ನೀರು ನಾಲ್ಕು ದಿನಕ್ಕೊಮ್ಮೆ ಆಯಿತು. ಟ್ಯಾಂಕರಿನವರು ಬಾಯಿಗೆ ಬಂದ ಬೆಲೆ ಹೇಳುತ್ತಿದ್ದರು. ಮಾರ್ಚಿನಲ್ಲಿ ಜಿಲ್ಲಾಡಳಿತ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 12,000 ಲೀಟರಿಗೆ 1000, ಜಿಎಸ್‌ಟಿ ಬೇರೆ. ನಮ್ಮ ರಸ್ತೆಗೆ ದೊಡ್ಡ ಲಾರಿ ತಿರುಗುವುದಿಲ್ಲ, ಚಿಕ್ಕದನ್ನೇ ಹಾಕಿಸಿದೆವು. ಮೊದಲೆರಡು ಸಲ ಮನೆಗೆ ಇಷ್ಟು ಎಂದು ನಾಲ್ಕು ಭಾಗ ಮಾಡಿದೆ. ಮೊದಲ ಮಹಡಿಯ ಹಿಂದಿನ ಮನೆಯಲ್ಲಿ ಇಬ್ಬರೇ ಹುಡುಗರು, ಬೆಳಿಗ್ಗೆ ಕೆಲಸಕ್ಕೆ ಹೋದರೆ ರಾತ್ರಿ ಬರುವವರು. ಮೇಲಿನ ಮನೆಗೆ ಬೇಸಿಗೆ ರಜೆಗೆ ನೆಂಟರು ಬಂದು ಆರು ಜನ ಆಗಿದ್ದರು. ಹುಡುಗರು ಸಿಡುಕಿದರು, ಮೇಲಿನವರು ಮುನಿಸಿಕೊಂಡರು. ಎಲ್ಲರನ್ನೂ ಟೆರೇಸಿಗೆ ಕರೆದು ಕಾಫಿ ಕೊಟ್ಟು ಕೂರಿಸಿದೆ. ಟ್ಯಾಂಕರ್ ದುಡ್ಡು ತಲೆಗೆ ಇಷ್ಟು, ವಾರಕ್ಕಿಂತ ಜಾಸ್ತಿ ಇರುವ ನೆಂಟರೂ ಒಂದು ತಲೆ ಎಂದು ತೀರ್ಮಾನ ಆಯಿತು. ಮೇಲಿನ ಮನೆಯ ಅಜ್ಜಿಯೇ ಮೊದಲು "ನ್ಯಾಯ ಅಲ್ವಾ" ಎಂದರು.

ಆಸ್ತಿ ತೆರಿಗೆ ಇಷ್ಟು ಕಷ್ಟದ್ದಲ್ಲ. ಅದು ಕಟ್ಟಡದ ಮೇಲಿನ ತೆರಿಗೆ, ಕಟ್ಟಡ ನನ್ನದು, ಕಟ್ಟುವುದು ನಾನು. ಬೆಂಗಳೂರಿನಲ್ಲಿ 2008ರಿಂದ ಇರುವ ಯೂನಿಟ್ ಏರಿಯಾ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಜಾಗಕ್ಕೆ ಚದರಡಿಗೆ ನಾವೇ ವಾಸ ಇರುವ ಜಾಗದ ಎರಡರಷ್ಟು ದರ. ಅದಕ್ಕೇ ಎಲ್ಲವನ್ನೂ ಸ್ವಂತ ವಾಸ ಎಂದು ತೋರಿಸುವ ಅಭ್ಯಾಸ ಕೆಲವರಿಗೆ. 2023ರಲ್ಲಿ ಗೃಹಜ್ಯೋತಿ ಬಂದಾಗ ನಮ್ಮ ಬೀದಿಯಲ್ಲೇ ಒಬ್ಬರು ಬಾಡಿಗೆ ಕರಾರು ಪತ್ರ ಕೊಡಲು ಒಪ್ಪಲಿಲ್ಲ, ಬಾಡಿಗೆ ಇದೆ ಎಂದು ಪಾಲಿಕೆಗೆ ಗೊತ್ತಾಗುತ್ತದೆ ಎಂಬ ಭಯಕ್ಕೆ. ಓನರ್ ತೆರಿಗೆ ಉಳಿಸಲು ಹೋಗಿ ಬಾಡಿಗೆಯವರ ಉಚಿತ ಕರೆಂಟ್ ತಪ್ಪಿತು. ನನಗೆ ಅದು ಸರಿ ಕಾಣಲಿಲ್ಲ. ನಾನು ಮೂರು ಮನೆ ಬಾಡಿಗೆ ಎಂದೇ ತುಂಬುತ್ತೇನೆ. ಏಪ್ರಿಲಿನಲ್ಲಿ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ, ಅದನ್ನು ಬಿಡುವುದಿಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ ಕೂಡ, ಮಾಲೀಕರು ಆ ವರ್ಷ ಸ್ವತಃ ಕಟ್ಟಿದ ಆಸ್ತಿ ತೆರಿಗೆಯನ್ನು ಬಾಡಿಗೆ ಆದಾಯದಿಂದ ಕಳೆಯಬಹುದು. ಬಾಡಿಗೆಯವರಿಂದ ಕಟ್ಟಿಸಿದರೆ ಅದು ಸಿಗಲ್ಲ. 2025ರ ಏಪ್ರಿಲಿನಿಂದ ಕಸದ ಶುಲ್ಕವನ್ನೂ ಆಸ್ತಿ ತೆರಿಗೆ ಜೊತೆಗೇ ತಗೊಳ್ಳುತ್ತಿದ್ದಾರೆ. ಕಸ ಎಲ್ಲರದ್ದೂ ಹೌದು, ಆದರೂ ಅದನ್ನು ಬಿಡಿಬಿಡಿಯಾಗಿ ಕೇಳಲು ಹೋಗಲಿಲ್ಲ. ಬಾಡಿಗೆಯಲ್ಲೇ ಸೇರಿದೆ ಎಂದು ಕರಾರು ಹೊಸದು ಮಾಡುವಾಗ ಹೇಳಿದೆ.

ಬೆಸ್ಕಾಂ ಡಿಪಾಸಿಟ್ ಬಗ್ಗೆ ಒಂದು ಮಾತು. ಬಳಕೆ ಏರಿದ್ದರೆ ಹೆಚ್ಚುವರಿ ಭದ್ರತಾ ಠೇವಣಿ ಕಟ್ಟಿ ಎಂದು ಬರುತ್ತದೆ. ಹಿಂದೆ ಒಂದು ಸಲ ಮೇಲಿನ ಮನೆಯವರು ಅದನ್ನೂ ಬಿಲ್ ಎಂದುಕೊಂಡು 640 ರೂಪಾಯಿ ಕಟ್ಟಿದ್ದರು. ಆ ಠೇವಣಿ ಮೀಟರ್ ಯಾರ ಹೆಸರಲ್ಲಿದೆಯೋ ಅವರದ್ದು, ಬಡ್ಡಿ ಬರುವುದೂ ಅದೇ ಖಾತೆಗೆ. ಅವರು ಮನೆ ಬಿಟ್ಟು ಹೋದ ಮೇಲೂ ಅದು ನನ್ನ ಹೆಸರಿನಲ್ಲೇ ಇರುತ್ತದೆ. ಹಾಗಾಗಿ ಆ 640 ವಾಪಸ್ ಕೊಟ್ಟೆ.

ಇಷ್ಟೆಲ್ಲ ಆದ ಮೇಲೆ ಕರಾರಿಗೆ ಒಂದು ಪುಟ ಸೇರಿಸಿದೆ. ಕರಾರು ಎಲ್ಲರಂತೆ ಹನ್ನೊಂದು ತಿಂಗಳಿನದು. ಆದರೆ ಈ ಪುಟ ಕನ್ನಡದಲ್ಲಿ, ನಮ್ಮ ಮಾತಿನಲ್ಲಿದೆ. "ಮನೆಯೊಳಗಿನ ಕರೆಂಟ್ ಬಾಡಿಗೆಯವರದ್ದು. ಮೋಟರ್, ಮೆಟ್ಟಿಲು, ಗೇಟಿನ ದೀಪ ಮಾಲೀಕರದ್ದು. ಕಾವೇರಿ ನೀರು ಮತ್ತು ಟ್ಯಾಂಕರ್ ತಲೆಗೆ ಲೆಕ್ಕ, ಬಿಲ್ ತೋರಿಸಿದ ಮೇಲೆ. ಆಸ್ತಿ ತೆರಿಗೆ, ಕಸದ ಶುಲ್ಕ, ಬೆಸ್ಕಾಂ ಠೇವಣಿ ಮಾಲೀಕರದ್ದು. ಏನೇ ಜಗಳ ಬಂದರೂ ನೀರು, ಕರೆಂಟ್ ನಿಲ್ಲಿಸುವಂತಿಲ್ಲ."

ಕೊನೆಯ ಸಾಲು ಯಾಕೆ ಎಂದು ನಮ್ಮ ಮನೆಯವರು ಕೇಳಿದರು. 1999ರ ಕರ್ನಾಟಕ ಬಾಡಿಗೆ ಕಾಯಿದೆಯಲ್ಲಿ ನೀರು, ಕರೆಂಟಿನಂಥ ಸೌಕರ್ಯ ಕತ್ತರಿಸಬಾರದು ಎಂದಿದೆ. ಆದರೆ ಬೆಂಗಳೂರಿನಲ್ಲಿ ಬಾಡಿಗೆ 3500 ದಾಟಿದ ಮನೆಗಳಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಇಲ್ಲಿ ಒಂದು ರೂಮೂ ಸಿಗಲ್ಲ. ಕರಾರಿನಲ್ಲಿ ಬರೆದಿದ್ದರೆ ಬಾಡಿಗೆಯವರ ಕೈಯಲ್ಲಿ ಏನಾದರೂ ಒಂದು ಇರುತ್ತದೆ. ಮಕ್ಕಳಿರುವ ಮನೆಗೆ ನೀರು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊಸಬರು ಬಂದ ದಿನ ಇಬ್ಬರೂ ಮೀಟರ್ ಮುಂದೆ ನಿಂತು ರೀಡಿಂಗ್ ಬರೆಯುತ್ತೇವೆ, ಫೋಟೋ ತೆಗೆಯುತ್ತೇವೆ. ಮೋಟರ್ ಹಾಕಿ ಅವರ ಮೀಟರಿನ ದೀಪ ಮಿನುಗುವುದಿಲ್ಲ ಎಂದು ತೋರಿಸುತ್ತೇನೆ. ಮನೆ ಬಿಡುವ ದಿನವೂ ಅಷ್ಟೇ. ಬಿಲ್ ಬರಲಿ, ಆಮೇಲೆ ಅಡ್ವಾನ್ಸ್ ಕೊಡೋಣ ಎಂದು ಯಾರನ್ನೂ ಕಾಯಿಸುವುದಿಲ್ಲ. ಅವತ್ತಿನ ರೀಡಿಂಗಿನಿಂದ ಲೆಕ್ಕ ಹಾಕಿ, ಅಷ್ಟು ಹಿಡಿದುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತೇನೆ.

ಆ ಹಾಸನದ ಕುಟುಂಬ 2025ರ ನವೆಂಬರ್ 30ಕ್ಕೆ ಮನೆ ಬಿಟ್ಟಿತು. ಮಗಳ ಸ್ಕೂಲ್ ದೂರ ಆಗುತ್ತಿತ್ತು. ಸಾಮಾನು ಲಾರಿಗೆ ಏರಿದ ಮೇಲೆ ನಾನು, ಆಕೆ, ಮಗು ಮೂವರೂ ಮೆಟ್ಟಿಲ ಕೆಳಗೆ ಹೋದೆವು. ಗೃಹಜ್ಯೋತಿ ಅವರ ಯಜಮಾನರ ಆಧಾರಿಗೆ ಜೋಡಣೆಯಾಗಿತ್ತು. ಅದನ್ನು ಬಿಡಿಸದಿದ್ದರೆ ಹೊಸ ಮನೆಯಲ್ಲಿ ಅವರಿಗೆ ಸಿಗಲ್ಲ, ಇಲ್ಲಿಗೆ ಬರುವವರಿಗೂ ಸಿಗಲ್ಲ. ಮೆಟ್ಟಿಲ ಮೇಲೆ ಕೂತು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡಿದೆವು. ಓಟಿಪಿ ಬಂದದ್ದು ಯಜಮಾನರ ಫೋನಿಗೆ, ಅವರು ಲಾರಿಯ ಹತ್ತಿರದಿಂದ ಕೂಗಿ ಹೇಳಿದರು.

ಮಗು ಟಾರ್ಚ್ ಹಿಡಿದು ಮೀಟರಿನ ಅಂಕಿಗಳನ್ನು ಒಂದೊಂದಾಗಿ ಓದಿತು. "ನಾಲ್ಕು, ಒಂಬತ್ತು, ಸೊನ್ನೆ, ಏಳು." ನಾನು ನೋಟ್‌ಬುಕ್ಕಿನಲ್ಲಿ ಬರೆದು ಸಾಲು ಎಳೆದೆ. ಅದರ ಕೆಳಗೆ ಡಿಸೆಂಬರ್ 1, ಹೊಸಬರ ಹೆಸರು, ಮತ್ತೆ ಅದೇ 4907.